ಚಿಂತಕನ ಬದುಕನ್ನು ಬರೆಯುವುದು ಹೇಗೆ? ರೂಡಿಗರ್ ಸಫ್ರಾನ್‌ಸ್ಕಿ ಅವರ ನಲವತ್ತು ವರ್ಷಗಳ ಕೆಲಸ

1924ರ ಬೇಸಿಗೆಯಲ್ಲಿ ಮಾರ್ಬುರ್ಗ್ ವಿಶ್ವವಿದ್ಯಾಲಯದಲ್ಲಿ ಅರಿಸ್ಟಾಟಲನ ಕುರಿತು ಪಾಠ ಆರಂಭಿಸಿದ ಜರ್ಮನ್ ಚಿಂತಕ ಮಾರ್ಟಿನ್ ಹೈಡೆಗರ್, ಅರಿಸ್ಟಾಟಲನ ಬದುಕನ್ನು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟ: ಇಂಥ ಕಾಲದಲ್ಲಿ ಹುಟ್ಟಿದ, ಕೆಲಸ ಮಾಡಿದ, ತೀರಿಕೊಂಡ. ಮಿಕ್ಕಿದ್ದೆಲ್ಲ ಗ್ರಂಥಗಳಲ್ಲೇ ಇದೆ ಎಂಬುದು ಇಂಗಿತ. ಇದಕ್ಕೆ ತದ್ವಿರುದ್ಧವಾದ ಮಾತನ್ನು ಫ್ರೀಡ್ರಿಷ್ ನೀಷೆ 1886ರಲ್ಲೇ ಬರೆದಿದ್ದ. ದೊಡ್ಡ ತತ್ತ್ವದರ್ಶನವೊಂದು ಎಂದರೆ ಅದನ್ನು ಕಟ್ಟಿದವನು ಮಾಡಿಕೊಂಡ ತಪ್ಪೊಪ್ಪಿಗೆ, ತನಗೇ ಅರಿವಿಲ್ಲದೆ ಬರೆದುಕೊಂಡ ಆತ್ಮಕಥೆ ಎಂಬುದು ಅವನ ವಾದ.

ಈ ಇಬ್ಬರ ಜೀವನಚರಿತ್ರೆಯನ್ನೂ ಬರೆದವರು ಜರ್ಮನ್ ಲೇಖಕ ರೂಡಿಗರ್ ಸಫ್ರಾನ್‌ಸ್ಕಿ. ಹೈಡೆಗರನ ಮಾತನ್ನು ಒಪ್ಪಿದರೆ ಅವರು ಪುಸ್ತಕ ಬರೆಯುವಂತಿಲ್ಲ. ನೀಷೆಯ ಮಾತನ್ನು ಪೂರ್ತಿ ಒಪ್ಪಿದರೆ ತತ್ತ್ವವನ್ನು ಓದುವ ಅಗತ್ಯವೇ ಇಲ್ಲ, ಆಸಾಮಿಯ ಬಾಲ್ಯ, ಆರೋಗ್ಯ, ಪ್ರೇಮಪ್ರಕರಣಗಳನ್ನು ತಿಳಿದರೆ ಸಾಕು. ಈ ಎರಡರ ನಡುವೆ ಅವರು ಹಿಡಿದ ದಾರಿ ಯಾವುದು, ಅದು ಎಲ್ಲಿ ಚೆನ್ನಾಗಿ ಸಾಗುತ್ತದೆ, ಎಲ್ಲಿ ಎಡವುತ್ತದೆ ಎಂಬುದು ಇಲ್ಲಿನ ವಿಷಯ.

ವಿಶ್ವವಿದ್ಯಾಲಯದಿಂದ ಹೊರಗೆ

ಸಫ್ರಾನ್‌ಸ್ಕಿ ಹುಟ್ಟಿದ್ದು 1945ರ ಜನವರಿ 1ರಂದು, ನೈಋತ್ಯ ಜರ್ಮನಿಯ ರಾಟ್‌ವೈಲ್ ಎಂಬ ಪುಟ್ಟ ಊರಿನಲ್ಲಿ. ಫ್ರಾಂಕ್‌ಫರ್ಟ್‌ನಲ್ಲಿ ತತ್ತ್ವಜ್ಞಾನಿ ಥಿಯೊಡೋರ್ ಅಡೋರ್ನೊ ಪಾಠಗಳನ್ನು ಕೇಳಿದರು. ಮುಂದೆ ಬರ್ಲಿನ್‌ಗೆ ಬಂದರು. ತತ್ತ್ವಶಾಸ್ತ್ರದ ಜೊತೆ ಜರ್ಮನ್ ಸಾಹಿತ್ಯ, ಇತಿಹಾಸ, ಕಲಾ ಇತಿಹಾಸಗಳನ್ನೂ ಓದಿದರು. 1968ರ ವಿದ್ಯಾರ್ಥಿ ಚಳವಳಿಯ ತಲೆಮಾರು ಅವರದು. 1970ರಲ್ಲಿ ಪಶ್ಚಿಮ ಬರ್ಲಿನ್‌ನಲ್ಲಿ ಹುಟ್ಟಿಕೊಂಡ ಮಾವೋವಾದಿ ಪಕ್ಷವೊಂದರ ಸ್ಥಾಪಕರಲ್ಲಿ ಅವರೂ ಒಬ್ಬರು. 1972ರಿಂದ 1977ರವರೆಗೆ ಬರ್ಲಿನ್‌ನ ಫ್ರೀ ಯೂನಿವರ್ಸಿಟಿಯ ಜರ್ಮನ್ ವಿಭಾಗದಲ್ಲಿ ಸಹಾಯಕರಾಗಿದ್ದರು. 1976ರಲ್ಲಿ ಪಡೆದ ಡಾಕ್ಟರೇಟಿನ ವಿಷಯ ಪಶ್ಚಿಮ ಜರ್ಮನಿಯ ಕಾರ್ಮಿಕ ಸಾಹಿತ್ಯ. ಕವಿಗಳಾದ ಗಯಟೆ, ಷಿಲ್ಲರ್ ಮತ್ತು ಹೈಡೆಗರ್ ಕುರಿತ ಪುಸ್ತಕಗಳಿಂದ ಮುಂದೆ ಹೆಸರಾದವರ ಮೊದಲ ಸಂಶೋಧನೆ ಇದು ಎಂದರೆ ಇಂದಿನ ಓದುಗರಿಗೆ ಅಚ್ಚರಿಯಾದೀತು.

ಜರ್ಮನಿಯಲ್ಲಿ ಡಾಕ್ಟರೇಟ್ ಆದಮೇಲೂ ಪ್ರೊಫೆಸರ್ ಹುದ್ದೆಯ ದಾರಿ ಉದ್ದ. ಸಾಮಾನ್ಯವಾಗಿ ಇನ್ನೊಂದು ದೊಡ್ಡ ಪ್ರಬಂಧ ಬರೆದು ಅರ್ಹತೆ ಸಾಬೀತು ಮಾಡಬೇಕು, ಆಮೇಲೆ ಯಾವುದೋ ಊರಿನಿಂದ ಕರೆ ಬರಬೇಕು. ಸಫ್ರಾನ್‌ಸ್ಕಿ ಆ ದಾರಿಯಲ್ಲಿ ಮುಂದುವರಿಯಲಿಲ್ಲ. ಸಾಹಿತ್ಯ ಪತ್ರಿಕೆಯೊಂದರ ಸಹಸಂಪಾದಕರಾಗಿ, ವಯಸ್ಕರ ಶಿಕ್ಷಣದಲ್ಲಿ ಪಾಠ ಹೇಳಿ ಕೆಲ ವರ್ಷ ಕಳೆದರು. 1987ರಿಂದ ಸ್ವತಂತ್ರ ಲೇಖಕರು. ಇದಕ್ಕೆ ಎರಡು ಪರಿಣಾಮಗಳಿವೆ. ಪುಸ್ತಕ ಮಾರಾಟವಾದರೆ ಮಾತ್ರ ಜೀವನ ಎಂದಾದಾಗ ವಾಕ್ಯ ಸ್ಪಷ್ಟವಾಗಿರಲೇಬೇಕಾಗುತ್ತದೆ. ವಿಭಾಗದ ಗೋಡೆಗಳಿಲ್ಲದ ಕಾರಣ ಸಾಹಿತಿ, ತತ್ತ್ವಜ್ಞಾನಿ, ಇತಿಹಾಸ ಮೂವರನ್ನೂ ಒಂದೇ ಪುಸ್ತಕದಲ್ಲಿ ಕೂರಿಸಬಹುದು. ಪ್ರಾಧ್ಯಾಪಕರ ಕಡೆಯಿಂದ ಬರುವ ದೂರು ಕೂಡ ಈ ಸ್ವಾತಂತ್ರ್ಯದ ಇನ್ನೊಂದು ಮುಖವೇ. ಅದಕ್ಕೆ ಆಮೇಲೆ ಬರೋಣ. 2012ರಲ್ಲಿ ಅದೇ ಫ್ರೀ ಯೂನಿವರ್ಸಿಟಿ ಅವರನ್ನು ಗೌರವ ಪ್ರಾಧ್ಯಾಪಕರಾಗಿ ಕರೆಸಿಕೊಂಡಿತು.

ಮೊದಲ ಜೀವನಚರಿತ್ರೆ 1984ರದು, ಕಥೆಗಾರ ಇ.ಟಿ.ಎ. ಹಾಫ್‌ಮನ್ ಕುರಿತು. ಹಗಲು ನ್ಯಾಯಾಂಗದ ಅಧಿಕಾರಿ, ರಾತ್ರಿ ಭ್ರಮಾಲೋಕದ ಲೇಖಕನಾಗಿದ್ದ ಹಾಫ್‌ಮನ್‌ನಲ್ಲಿ ಬದುಕು ಮತ್ತು ಬರಹದ ಸಂಬಂಧ ಕಣ್ಣಿಗೆ ಕಾಣುವಂತಿದೆ. ತತ್ತ್ವಜ್ಞಾನಿಯ ವಿಷಯದಲ್ಲಿ ಅಷ್ಟು ಸಲೀಸಲ್ಲ. ನಿಜವಾದ ಪರೀಕ್ಷೆ ಎದುರಾದದ್ದು ಎರಡನೆಯ ಪುಸ್ತಕದಲ್ಲಿ.

ಶೋಪೆನ್‌ಹೌರ್: ವಿಧಾನ ಬಿಚ್ಚಿ ನೋಡಿದರೆ

1987ರ ಆ ಪುಸ್ತಕದ ಹೆಸರಿನಲ್ಲಿ ಎರಡು ಪಾತ್ರಗಳಿವೆ: ತತ್ತ್ವಜ್ಞಾನಿ ಶೋಪೆನ್‌ಹೌರ್, ಮತ್ತು 'ತತ್ತ್ವಶಾಸ್ತ್ರದ ಹುಚ್ಚು ವರ್ಷಗಳು'. ಒಂದು ವ್ಯಕ್ತಿ, ಇನ್ನೊಂದು ಕಾಲ. ಇವೆರಡರ ಜೊತೆ ಮೂರನೆಯದಾಗಿ ಒಂದು ಪ್ರಶ್ನೆ ಇರುತ್ತದೆ. ಸಫ್ರಾನ್‌ಸ್ಕಿಯವರ ಪುಸ್ತಕಗಳ ನಿಜವಾದ ನಾಯಕ ಆ ಪ್ರಶ್ನೆಯೇ ಎಂದು ನನ್ನ ಅಭಿಪ್ರಾಯ.

ಶೋಪೆನ್‌ಹೌರ್ ವಿಷಯದಲ್ಲಿ ಆ ಪ್ರಶ್ನೆ ಜರ್ಮನ್ ತತ್ತ್ವಜ್ಞಾನಿ ಕಾಂಟ್‌ನಿಂದ ಬಂದದ್ದು. 1781ರ ಗ್ರಂಥದಲ್ಲಿ ಕಾಂಟ್ ಹೇಳಿದ್ದು ಸ್ಥೂಲವಾಗಿ ಹೀಗೆ: ನಮಗೆ ಕಾಣುವ ಜಗತ್ತು ನಮ್ಮ ಅರಿವಿನ ಚೌಕಟ್ಟಿನೊಳಗೆ ಬಂದ ಜಗತ್ತು; ಆ ಚೌಕಟ್ಟಿನ ಹೊರಗೆ ವಸ್ತು ತನ್ನಷ್ಟಕ್ಕೆ ತಾನು ಏನಾಗಿದೆಯೋ ಅದನ್ನು ನಾವು ಅರಿಯಲಾರೆವು. ಮುಂದಿನ ಐವತ್ತು ವರ್ಷ ಜರ್ಮನಿಯ ಬುದ್ಧಿವಂತರೆಲ್ಲ ಈ ಬೀಗ ಹಾಕಿದ ಬಾಗಿಲನ್ನು ಒಡೆಯಲು ಹೊರಟರು. ಫಿಷ್ಟೆ 'ನಾನು' ಎಂಬುದನ್ನೇ ಜಗತ್ತಿನ ಬುಡಕ್ಕಿಟ್ಟ. ಷೆಲಿಂಗ್ ಪ್ರಕೃತಿಯೊಳಗೆ ಚೇತನವನ್ನು ಕಂಡ. ಹೆಗೆಲ್ ಇಡೀ ಇತಿಹಾಸವನ್ನೇ ಚೇತನದ ನಡಿಗೆಯಾಗಿಸಿದ. ಮೂವರ ದಾರಿಯೂ ಮೇಲ್ಮುಖ, ಬುದ್ಧಿಯ ಕಡೆಗೆ. ಶೋಪೆನ್‌ಹೌರ್ ಕೆಳಕ್ಕಿಳಿದ. ನನ್ನ ಒಳಗಿನಿಂದಲೇ ನನಗೆ ಗೊತ್ತಿರುವ ಒಂದು ವಸ್ತು ಜಗತ್ತಿನಲ್ಲಿದೆ, ಅದು ನನ್ನ ದೇಹ. ಅಲ್ಲಿ ನಾನು ಕಾಣುವುದು ಬುದ್ಧಿಯನ್ನಲ್ಲ, ಹಸಿವು, ಕಾಮ, ಭಯವಾಗಿ ತುಡಿಯುವ ಕುರುಡು ಇಚ್ಛೆಯನ್ನು ಎಂದ.

ಇಷ್ಟು ತತ್ತ್ವ. ಬದುಕು ಎಲ್ಲಿ ಬಂತು? ತಂದೆ ಹೈನ್‌ರಿಷ್ ಫ್ಲೋರಿಸ್ ಶೋಪೆನ್‌ಹೌರ್ ಡಾಂಜಿಗ್‌ನ ಸಿರಿವಂತ ವ್ಯಾಪಾರಿ. ಮಗ ಹದಿಹರೆಯದಲ್ಲಿದ್ದಾಗ ಒಂದು ಆಯ್ಕೆ ಮುಂದಿಟ್ಟ: ಊರಲ್ಲೇ ಉಳಿದು ಲ್ಯಾಟಿನ್ ಕಲಿತು ಪಂಡಿತನಾಗು, ಇಲ್ಲವೇ ನಮ್ಮೊಂದಿಗೆ ಯುರೋಪ್ ಸುತ್ತಿ ಬಂದು ವ್ಯಾಪಾರದ ತರಬೇತಿಗೆ ಸೇರು. ಹುಡುಗ ಪ್ರವಾಸವನ್ನು ಆರಿಸಿಕೊಂಡ. 1803-04ರ ಆ ಪ್ರವಾಸದ ದಿನಚರಿ ಉಳಿದುಬಂದಿದೆ. ಅದರಲ್ಲಿ ಫ್ರಾನ್ಸ್‌ನ ತುಲೋನ್ ಬಂದರಿನಲ್ಲಿ ಸರಪಳಿ ಬಿಗಿದ ಕೈದಿಗಳನ್ನು ಕಂಡದ್ದಿದೆ, ಆಲ್ಪ್ಸ್ ಬೆಟ್ಟಗಳನ್ನು ಏರಿ ಕೆಳಗಿನ ಲೋಕವನ್ನು ನೋಡಿದ್ದೂ ಇದೆ. ಹದಿನಾಲ್ಕು ವರ್ಷದ ನಂತರ ಬಂದ ಮುಖ್ಯ ಗ್ರಂಥದಲ್ಲಿ ಇಚ್ಛೆಯ ಸರಪಳಿಗೆ ಕಟ್ಟಿಬಿದ್ದ ಜೀವಿಗಳ ಚಿತ್ರವಿದೆ, ಆ ಇಚ್ಛೆಯಿಂದ ಕ್ಷಣಕಾಲ ಬಿಡುಗಡೆ ಪಡೆದು ಲೋಕವನ್ನು ನಿರ್ಲಿಪ್ತವಾಗಿ ನೋಡುವ ಕಣ್ಣಿನ ವರ್ಣನೆಯೂ ಇದೆ. ಸಫ್ರಾನ್‌ಸ್ಕಿ ಈ ಎರಡು ಕಡೆಗಳನ್ನು ಹತ್ತಿರ ತಂದಿಡುತ್ತಾರೆ. ಬೆಟ್ಟ ಹತ್ತಿದ್ದರಿಂದ ತತ್ತ್ವ ಹುಟ್ಟಿತು ಎನ್ನುವುದಿಲ್ಲ. ಮುಂದೆ ಪರಿಕಲ್ಪನೆಯಾಗಲಿರುವುದು ಮೊದಲು ಅನುಭವವಾಗಿ ಎಲ್ಲಿ ತಲೆಯೆತ್ತಿತ್ತು ಎಂದಷ್ಟೇ ತೋರಿಸುತ್ತಾರೆ.

ಈ ಎಚ್ಚರ ತಪ್ಪಿದರೆ ಆಗುವ ಅನಾಹುತಕ್ಕೆ ಶೋಪೆನ್‌ಹೌರ್ ಬದುಕಿನಲ್ಲೇ ಧಾರಾಳ ಸಾಮಗ್ರಿಯಿದೆ. 1805ರಲ್ಲಿ ತಂದೆ ಹ್ಯಾಂಬರ್ಗ್‌ನ ಉಗ್ರಾಣದ ಅಟ್ಟದಿಂದ ಕಾಲುವೆಗೆ ಬಿದ್ದು ಸತ್ತ. ಆತ್ಮಹತ್ಯೆ ಎಂಬ ಅನುಮಾನ ಹೋಗಲೇ ಇಲ್ಲ. ತಾಯಿ ಯೊಹಾನಾ ವೈಮಾರ್‌ಗೆ ಹೋಗಿ ಗಯಟೆ ಬಂದು ಕೂರುವಂಥ ಸಾಹಿತ್ಯಗೋಷ್ಠಿ ನಡೆಸಿದಳು, ಮುಂದೆ ಜನಪ್ರಿಯ ಕಾದಂಬರಿಕಾರ್ತಿಯಾದಳು. 1814ರಲ್ಲಿ ತಾಯಿ ಮಗನ ಸಂಬಂಧ ಮುರಿದುಬಿತ್ತು. 1838ರಲ್ಲಿ ಆಕೆ ಸಾಯುವವರೆಗೂ ಇಬ್ಬರೂ ಮತ್ತೆ ಭೇಟಿಯಾಗಲಿಲ್ಲ. ಇದನ್ನು ಹಿಡಿದು 'ತಾಯಿಪ್ರೀತಿ ಸಿಗದವನು ನಿರಾಶಾವಾದಿಯಾದ' ಎಂದು ಬರೆಯುವುದು ಅತಿ ಸುಲಭ. ಆದರೆ ತಾಯಿಯೊಡನೆ ಜಗಳವಾಡಿದ ಮಕ್ಕಳು ಲಕ್ಷಾಂತರ, ಕಾಂಟ್‌ನ ಪ್ರಶ್ನೆಗೆ ದೇಹದ ಮೂಲಕ ಉತ್ತರ ಹುಡುಕಿದವನು ಒಬ್ಬ. ಬದುಕಿನ ಘಟನೆ ತತ್ತ್ವದ ಧ್ವನಿಯನ್ನು ವಿವರಿಸಬಲ್ಲದು, ಅದರ ವಾದವನ್ನಲ್ಲ.

ಭಾರತದ ಓದುಗರು ಎಡವುವ ಜಾಗವೂ ಇಲ್ಲಿ ಒಂದಿದೆ. ದಾರಾ ಶಿಕೋ 1657ರಲ್ಲಿ ಐವತ್ತು ಉಪನಿಷತ್ತುಗಳನ್ನು ಪರ್ಷಿಯನ್‌ಗೆ ತರಿಸಿದ. ಆ ಪರ್ಷಿಯನ್ ಪಠ್ಯವನ್ನು ಫ್ರೆಂಚ್ ವಿದ್ವಾಂಸ ಆಂಕ್ವೆಟಿಲ್ ದ್ಯುಪೆರಾನ್ ಲ್ಯಾಟಿನ್‌ಗೆ ತಂದು 1801-02ರಲ್ಲಿ ಅಚ್ಚು ಹಾಕಿಸಿದ. ವೈಮಾರ್‌ನಲ್ಲಿ ಫ್ರೀಡ್ರಿಷ್ ಮಾಯರ್ ಎಂಬ ಪಂಡಿತನ ಪರಿಚಯದಿಂದ 1814ರ ಹೊತ್ತಿಗೆ ಅದು ಶೋಪೆನ್‌ಹೌರ್ ಕೈಸೇರಿತು. 'ಅವನ ತತ್ತ್ವವೆಲ್ಲ ನಮ್ಮ ಉಪನಿಷತ್ತಿನಿಂದ ಹೋದದ್ದು' ಎಂದು ಹೆಮ್ಮೆಪಡುವ ಮುನ್ನ ತಾರೀಖುಗಳನ್ನು ನೋಡಬೇಕು. ಕಾಂಟ್‌ನನ್ನು ಆಧರಿಸಿದ ಅವನ ಡಾಕ್ಟರೇಟ್ ಪ್ರಬಂಧ 1813ರದು. 1816ರ ಟಿಪ್ಪಣಿಯೊಂದರಲ್ಲಿ ಅವನೇ ಲೆಕ್ಕ ಸರಿಮಾಡಿದ್ದಾನೆ: ಉಪನಿಷತ್ತು, ಪ್ಲೇಟೊ, ಕಾಂಟ್ ಮೂವರ ಬೆಳಕೂ ಒಂದೇ ಮನಸ್ಸಿನ ಮೇಲೆ ಒಟ್ಟಿಗೆ ಬೀಳುವ ಮುಂಚೆ ತನ್ನ ದರ್ಶನ ಹುಟ್ಟಲು ಸಾಧ್ಯವಿರಲಿಲ್ಲ ಎಂದು.

ಇನ್ನು 'ಕಾಲ' ಎಂಬ ಪಾತ್ರ. 1820ರಲ್ಲಿ ಬರ್ಲಿನ್‌ನಲ್ಲಿ ಶೋಪೆನ್‌ಹೌರ್ ಬೇಕೆಂದೇ ಹೆಗೆಲ್ ಪಾಠದ ಸಮಯಕ್ಕೇ ತನ್ನ ಪಾಠವನ್ನೂ ಇಟ್ಟುಕೊಂಡ. ಬಂದವರು ಐದು ಜನ. ಮುಖ್ಯ ಗ್ರಂಥದ ಮೊದಲ ಮುದ್ರಣದ ಬಹುಪಾಲು ಪ್ರತಿಗಳು ರದ್ದಿಗೆ ಹೋದವು. 1831ರಲ್ಲಿ ಕಾಲರಾ ಬಂದಾಗ ಅವನು ಬರ್ಲಿನ್ ಬಿಟ್ಟು ಓಡಿದ. ಹೆಗೆಲ್ ಅಲ್ಲೇ ಉಳಿದು ಸತ್ತ. ಕೀರ್ತಿ ಬಂದದ್ದು 1851ರ ನಂತರ, ಸಾಯಲು ಒಂಬತ್ತು ವರ್ಷ ಇರುವಾಗ. 1819ರಲ್ಲಿ ಯಾರಿಗೂ ಬೇಡವಾಗಿದ್ದ ಪುಸ್ತಕ 1850ರ ದಶಕದಲ್ಲಿ ಬೇಕಾದದ್ದೇಕೆ? 1848ರ ಕ್ರಾಂತಿ ಸೋತಮೇಲೆ ಇತಿಹಾಸ ಒಳ್ಳೆಯದರ ಕಡೆಗೇ ಸಾಗುತ್ತಿದೆ ಎಂಬ ಭರವಸೆ ಕುಸಿದಿತ್ತು. ಪುಸ್ತಕ ಹಾಗೇ ಇತ್ತು, ಓದುವವರ ಕಾಲ ಬದಲಾಗಿತ್ತು. ಕಾಲವನ್ನು ಹಿನ್ನೆಲೆಯ ಪರದೆಯಾಗಿಸದೆ ಪಾತ್ರವಾಗಿಸಿದ್ದರ ಪ್ರಯೋಜನ ಇಂಥಲ್ಲಿ ಕಾಣುತ್ತದೆ.

ಸಾಕ್ಷ್ಯಗಳ ತೂಕ

2013ರ ಗಯಟೆ ಪುಸ್ತಕದ ಮುನ್ನುಡಿಯಲ್ಲಿ ಸಫ್ರಾನ್‌ಸ್ಕಿ ತಮ್ಮ ನಿಯಮವನ್ನು ಬಾಯಿಬಿಟ್ಟು ಹೇಳಿದ್ದಾರೆ: ಮೂಲ ಆಕರಗಳು ಮಾತ್ರ. ಕೃತಿಗಳು, ಪತ್ರಗಳು, ದಿನಚರಿ, ಸಂಭಾಷಣೆಗಳು, ಸಮಕಾಲೀನರ ಬರಹ. ಕೇಳಲು ಸರಳ. ಆದರೆ ಗಯಟೆಯ ವೈಮಾರ್ ಆವೃತ್ತಿಯೊಂದೇ 143 ಸಂಪುಟ, ಹೊರಬರಲು 1887ರಿಂದ 1919ರವರೆಗೆ ಹಿಡಿಯಿತು. ಕೊರತೆ ಆಕರದ್ದಲ್ಲ, ಜರಡಿಯದು.

ಎಲ್ಲ ಮೂಲ ಆಕರಗಳಿಗೂ ಒಂದೇ ತೂಕವಿಲ್ಲ ಎಂಬುದಕ್ಕೆ 1794ರ ಜುಲೈ 20ರ ಸಂಜೆಯೇ ಉದಾಹರಣೆ. ಯೇನಾ ಊರಿನಲ್ಲಿ ನಿಸರ್ಗವಿಜ್ಞಾನ ಸಂಘದ ಸಭೆ ಮುಗಿಸಿ ಗಯಟೆ, ಷಿಲ್ಲರ್ ಒಟ್ಟಿಗೆ ಹೊರಬಂದರು. ಮಾತಾಡುತ್ತ ಷಿಲ್ಲರ್ ಮನೆಯವರೆಗೂ ಹೋದರು. ಗಯಟೆ ಎಲ್ಲ ಸಸ್ಯಗಳಿಗೂ ಮಾದರಿಯಾದ ಆದಿಸಸ್ಯವೊಂದರ ಚಿತ್ರವನ್ನು ಗೀಚಿ ತೋರಿಸಿದ. 'ಇದು ಅನುಭವವಲ್ಲ, ಇದೊಂದು ಪರಿಕಲ್ಪನೆ' ಎಂದ ಷಿಲ್ಲರ್. ಗಯಟೆಗೆ ಸಿಟ್ಟು ಬಂತು. ಆದರೂ, ನನಗೇ ತಿಳಿಯದೆ ನನ್ನಲ್ಲಿ ಪರಿಕಲ್ಪನೆಗಳಿವೆ, ಅವನ್ನು ಕಣ್ಣಾರೆ ನೋಡುತ್ತೇನೆ ಎಂದರೆ ಸಂತೋಷವೇ ಎಂದು ತಿರುಗುತ್ತರ ಕೊಟ್ಟ. ಕಾಂಟ್ ಅನುಯಾಯಿ ಒಂದು ಕಡೆ, ಕಣ್ಣನ್ನೇ ನಂಬಿದವನು ಇನ್ನೊಂದು ಕಡೆ. ಪುಸ್ತಕಗಟ್ಟಲೆ ಬರೆಯಬಹುದಾದ ತಾತ್ವಿಕ ಭಿನ್ನಮತ ಎರಡು ಸಾಲಿನ ಮಾತುಕತೆಯಲ್ಲಿ ನಿಂತಿದೆ. 2009ರಲ್ಲಿ ಈ ಇಬ್ಬರ ಸ್ನೇಹದ ಬಗ್ಗೆ ಸಫ್ರಾನ್‌ಸ್ಕಿ ಇಡೀ ಪುಸ್ತಕ ಬರೆದದ್ದು ಸುಮ್ಮನೆ ಅಲ್ಲ. ತೊಂದರೆ ಇರುವುದು ಇಲ್ಲಿ: ಈ ಸಂಭಾಷಣೆಯನ್ನು ಗಯಟೆ ಪ್ರಕಟಿಸಿದ್ದು 1817ರಲ್ಲಿ, ಘಟನೆ ನಡೆದು ಇಪ್ಪತ್ತಮೂರು ವರ್ಷದ ಮೇಲೆ, ಷಿಲ್ಲರ್ ತೀರಿಹೋಗಿ ಹನ್ನೆರಡು ವರ್ಷದ ಮೇಲೆ. ಸ್ನೇಹದ ಆರಂಭಕ್ಕೆ ಗಯಟೆ ಆಮೇಲೆ ಕೊಟ್ಟ ರೂಪ ಅದು. ಇಬ್ಬರ ನಡುವಿನ ಸುಮಾರು ಸಾವಿರ ಪತ್ರಗಳು ಆಯಾ ದಿನವೇ ಬರೆದಂಥವು, ಹಾಗಾಗಿ ಅವುಗಳ ತೂಕ ಹೆಚ್ಚು. ವಯಸ್ಸಾದ ಗಯಟೆಯ ಮಾತುಗಳನ್ನು ಅವನ ಆಪ್ತ ಎಕರ್‌ಮನ್ ದಾಖಲಿಸಿದ ಪುಸ್ತಕವಂತೂ ಟಿಪ್ಪಣಿ ಮತ್ತು ನೆನಪಿನಿಂದ ತಿದ್ದಿ ಬರೆದದ್ದು. ಓದುವಾಗ ಯಾವ ಮಾತು ಯಾವ ವರ್ಷದ ಆಕರದಿಂದ ಬಂದಿದೆ ಎಂದು ನೋಡಿಕೊಳ್ಳಬೇಕು.

ಆರಂಭವನ್ನು ಆರಿಸುವುದರಲ್ಲೂ ಸಫ್ರಾನ್‌ಸ್ಕಿ ಚಾಣಾಕ್ಷರು. 2004ರ ಷಿಲ್ಲರ್ ಪುಸ್ತಕ ಹುಟ್ಟಿನಿಂದ ಆರಂಭವಾಗುವುದಿಲ್ಲ, 1805ರ ಮೇ ತಿಂಗಳ ಶವಪರೀಕ್ಷೆಯಿಂದ ಆರಂಭವಾಗುತ್ತದೆ. ಶ್ವಾಸಕೋಶ ಕೊಳೆತಿತ್ತು, ಹೃದಯದಲ್ಲಿ ಸ್ನಾಯುವೇ ಉಳಿದಿರಲಿಲ್ಲ. ಈ ಮನುಷ್ಯ ಇಷ್ಟು ದಿನ ಬದುಕಿದ್ದೇ ಆಶ್ಚರ್ಯ ಎಂದರು ವೈದ್ಯರು. ದೇಹ ಅನುಮತಿಸಿದ್ದಕ್ಕಿಂತ ಹೆಚ್ಚು ಕಾಲ ಉತ್ಸಾಹದ ಬಲದಿಂದ ಬದುಕುವುದೇ ಐಡಿಯಲಿಸಂ ಎಂದು ಸಫ್ರಾನ್‌ಸ್ಕಿ ಅಲ್ಲಿಂದ ಎಳೆ ಹಿಡಿಯುತ್ತಾರೆ. ಆ ಪುಸ್ತಕಕ್ಕೆ 2005ರಲ್ಲಿ ಲೈಪ್‌ಜಿಗ್ ಪುಸ್ತಕಮೇಳದ ಬಹುಮಾನ ಬಂತು.

ನೀಷೆ ಮತ್ತು ಹೈಡೆಗರ್

2000ದ ನೀಷೆ ಪುಸ್ತಕದ ಉಪಶೀರ್ಷಿಕೆ 'ಅವನ ಚಿಂತನೆಯ ಜೀವನಚರಿತ್ರೆ'. ಇಲ್ಲಿ ತಾರೀಖುಗಳ ಪಟ್ಟಿಯನ್ನು ಪುಸ್ತಕದ ಕೊನೆಗೆ ತಳ್ಳಿ, ಕಥನವನ್ನು ಸಂಗೀತದಿಂದ ಶುರುಮಾಡುತ್ತಾರೆ. 24ನೇ ವಯಸ್ಸಿಗೇ ಬಾಸೆಲ್‌ನಲ್ಲಿ ಪ್ರೊಫೆಸರ್, 1879ರಲ್ಲಿ ಅನಾರೋಗ್ಯದಿಂದ ರಾಜೀನಾಮೆ, 1889ರ ಜನವರಿಯಲ್ಲಿ ಟ್ಯೂರಿನ್‌ನಲ್ಲಿ ಬುದ್ಧಿಭ್ರಮಣೆ ಎಂಬುದೆಲ್ಲ ಗೊತ್ತಿದ್ದರೆ ಓದು ಸರಾಗ. ಇಲ್ಲದಿದ್ದರೆ ಮೊದಲು ಹಿಂದಿನ ಪುಟಗಳಿಗೆ ಹೋಗಿ ಆ ಪಟ್ಟಿಯನ್ನು ಓದಿಕೊಳ್ಳಿ. ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ.

ನೀಷೆ ಬಗ್ಗೆ ಬರೆಯುವ ಯಾರಿಗಾದರೂ ಎದುರಾಗುವ ಗುಂಡಿಯೆಂದರೆ 'ಅಧಿಕಾರದ ಇಚ್ಛೆ' ಎಂಬ ಗ್ರಂಥ. ಆ ಹೆಸರಿನ ಪುಸ್ತಕವನ್ನು ಅವನು ಮುಗಿಸಲೇ ಇಲ್ಲ. ಅವನ ಟಿಪ್ಪಣಿ ಪುಸ್ತಕಗಳಿಂದ ಆರಿಸಿ ತಂಗಿ ಎಲಿಸಬೆತ್ ಮತ್ತು ಸಹಾಯಕರು 1901ರಲ್ಲಿ 483 ತುಣುಕುಗಳಾಗಿ, 1906ರಲ್ಲಿ 1067 ತುಣುಕುಗಳಾಗಿ ಜೋಡಿಸಿದರು. ಇಟಲಿಯ ವಿದ್ವಾಂಸರಾದ ಕೊಲ್ಲಿ ಮತ್ತು ಮೊಂಟಿನಾರಿ ಹಸ್ತಪ್ರತಿಗಳನ್ನು ಕಾಲಾನುಕ್ರಮದಲ್ಲಿ ಅಚ್ಚು ಹಾಕಿಸಿದ ಮೇಲೆಯೇ ನೀಷೆ ಯಾವ ತಿಂಗಳು ಏನು ಯೋಚಿಸುತ್ತಿದ್ದ ಎಂಬುದು ಸ್ಪಷ್ಟವಾದದ್ದು. 'ಚಿಂತನೆಯ ಜೀವನಚರಿತ್ರೆ' ಎಂಬ ಪ್ರಕಾರ ಆ ಸಂಪಾದನೆಯ ಬೆನ್ನ ಮೇಲೆ ನಿಂತಿದೆ.

ಎಲ್ಲಕ್ಕಿಂತ ಕಠಿಣವಾದದ್ದು 1994ರ ಹೈಡೆಗರ್ ಪುಸ್ತಕ. ಮೆಸ್ಕಿರ್ಷ್ ಊರಿನ ಚರ್ಚಿನ ಪರಿಚಾರಕನ ಮಗ, 1927ರಲ್ಲಿ ಶತಮಾನದ ಮಹತ್ವದ ಗ್ರಂಥವೊಂದನ್ನು ಬರೆದವನು, 1933ರ ಏಪ್ರಿಲ್‌ನಲ್ಲಿ ಫ್ರೈಬುರ್ಗ್ ವಿಶ್ವವಿದ್ಯಾಲಯದ ರೆಕ್ಟರ್ (ಮುಖ್ಯಸ್ಥ) ಆದ, ಮೇ 1ರಂದು ನಾಜಿ ಪಕ್ಷ ಸೇರಿದ. ಮರುವರ್ಷ ರೆಕ್ಟರ್ ಹುದ್ದೆ ಬಿಟ್ಟರೂ 1945ರವರೆಗೆ ಪಕ್ಷದ ಸದಸ್ಯತ್ವ ಬಿಡಲಿಲ್ಲ. 1987ರಲ್ಲಿ ವಿಕ್ಟರ್ ಫರಿಯಾಸ್, 1988ರಲ್ಲಿ ಹ್ಯೂಗೊ ಓಟ್ ಈ ಇತಿಹಾಸವನ್ನು ಕೆದಕಿದ ಮೇಲೆ ಓದುಗರು ಎರಡು ಪಾಳೆಯವಾಗಿದ್ದರು. ದೊಡ್ಡ ತತ್ತ್ವಜ್ಞಾನಿ ರಾಜಕೀಯದಲ್ಲಿ ಮುಗ್ಗರಿಸಿದ ಎಂಬುದು ಒಂದು ಪಾಳೆಯ. ತತ್ತ್ವವೇ ಆರಂಭದಿಂದ ನಾಜಿ ಎಂಬುದು ಇನ್ನೊಂದು. ಸಫ್ರಾನ್‌ಸ್ಕಿ ವಕೀಲನ ಕೋಟನ್ನೂ ತೊಡಲಿಲ್ಲ, ನ್ಯಾಯಾಧೀಶನದನ್ನೂ ತೊಡಲಿಲ್ಲ. ದೈನಂದಿನ ಬದುಕಿನ ಜಡತೆಯಿಂದ ಎಚ್ಚೆತ್ತು ನಿಜವಾದ ಅಸ್ತಿತ್ವಕ್ಕೆ ಜಿಗಿಯಬೇಕು ಎಂಬ ವಿಚಾರ ಒಬ್ಬ ವ್ಯಕ್ತಿಯ ಬಗ್ಗೆ ಹೇಳಿದಾಗ ಒಂದು ಅರ್ಥ. ಅದನ್ನೇ ಇಡೀ ರಾಷ್ಟ್ರಕ್ಕೆ ಅನ್ವಯಿಸಿದಾಗ 1933ರಲ್ಲಿ ಏನಾಯಿತು ಎಂದು ಹಂತಹಂತವಾಗಿ ತೋರಿಸಿದರು. ಸ್ವತಃ ಕ್ರಾಂತಿಯ ಕನಸಿನಲ್ಲಿ ಕೆಲ ವರ್ಷ ಕಳೆದವರಿಗೆ ಇಂಥ ಜಿಗಿತದ ಮೋಹ ಅರ್ಥವಾಗಿದ್ದರೆ ಆಶ್ಚರ್ಯವಿಲ್ಲ. 2007ರ ರೊಮ್ಯಾಂಟಿಸಿಸಂ ಪುಸ್ತಕದಲ್ಲಿ ಇದೇ ಎಚ್ಚರಿಕೆ ಮತ್ತೆ ಬರುತ್ತದೆ: ಕಾವ್ಯದಲ್ಲಿ ಬೇಕಾದ ಅತಿರೇಕ ರಾಜಕಾರಣಕ್ಕೆ ಇಳಿದರೆ ಅಪಾಯ.

ಒಂದು ದೊಡ್ಡ ಜೀವನಚರಿತ್ರೆ, ಅದರ ನಂತರ ಒಂದು ಪ್ರಶ್ನೆಯ ಮೇಲಿನ ಪುಸ್ತಕ ಎಂಬುದು ಬಹುಕಾಲ ಅವರ ಲಯವಾಗಿತ್ತು. ಶೋಪೆನ್‌ಹೌರ್ ಆದಮೇಲೆ 1990ರಲ್ಲಿ ಸತ್ಯದ ಬಗ್ಗೆ, ಹೈಡೆಗರ್ ಆದಮೇಲೆ 1997ರಲ್ಲಿ ಕೇಡಿನ ಬಗ್ಗೆ, ನೀಷೆ ಆದಮೇಲೆ 2003ರಲ್ಲಿ ಜಾಗತೀಕರಣದ ಬಗ್ಗೆ. ಪ್ರಕಟಣೆಯ ವರ್ಷಗಳಲ್ಲಿ ಪ್ರಕಾಶಕರ ಲೆಕ್ಕಾಚಾರವೂ ಕಾಣುತ್ತದೆ: ನೀಷೆ ಸತ್ತ ನೂರನೇ ವರ್ಷಕ್ಕೆ ನೀಷೆ, ಷಿಲ್ಲರ್ ಇನ್ನೂರನೇ ಪುಣ್ಯತಿಥಿಯ ಮುನ್ನ ಷಿಲ್ಲರ್, ಕವಿ ಹ್ಯೋಲ್ಡರ್ಲಿನ್ ಹುಟ್ಟಿದ 250ನೇ ವರ್ಷದ (2020) ಮುನ್ನ 2019ರಲ್ಲಿ ಹ್ಯೋಲ್ಡರ್ಲಿನ್, ಕಾಫ್ಕಾ ಸತ್ತು ನೂರು ವರ್ಷವಾದ 2024ರಲ್ಲಿ ಕಾಫ್ಕಾ. ಇದರ ಜೊತೆಗೆ ಟಿವಿ. 2002ರಿಂದ 2012ರವರೆಗೆ ತತ್ತ್ವಜ್ಞಾನಿ ಪೀಟರ್ ಸ್ಲೋಟರ್‌ಡೈಕ್ ಜೊತೆ ಜರ್ಮನಿಯ ಝಡ್‌ಡಿಎಫ್ ವಾಹಿನಿಯಲ್ಲಿ ತತ್ತ್ವಚರ್ಚೆ ನಡೆಸಿದರು. ಇಬ್ಬರು ನಿರೂಪಕರು, ಇಬ್ಬರು ಅತಿಥಿಗಳು. 2015ರಲ್ಲಿ ಮರ್ಕೆಲ್ ಸರ್ಕಾರದ ನಿರಾಶ್ರಿತರ ನೀತಿಯನ್ನು ಕಟುವಾಗಿ ಟೀಕಿಸಿ ತಾವೂ ಟೀಕೆಗೆ ಗುರಿಯಾದರು. 2018ರಲ್ಲಿ ಜರ್ಮನ್ ರಾಷ್ಟ್ರೀಯ ಬಹುಮಾನ ಬಂತು.

ಓದುವಾಗ ಏನು ಗಮನಿಸಬೇಕು

ಸಫ್ರಾನ್‌ಸ್ಕಿ ಮೇಲಿನ ಗಟ್ಟಿ ಆಕ್ಷೇಪ ಇದು: ಅವರು ಚಿಂತಕನ ವಿಚಾರವನ್ನು ತಮ್ಮ ಮಾತಿನಲ್ಲಿ ಪುಟಗಟ್ಟಲೆ ಹೇಳುತ್ತ ಹೋಗುವಾಗ ಹೈಡೆಗರ್ ಎಲ್ಲಿ ಮುಗಿದ, ಸಫ್ರಾನ್‌ಸ್ಕಿ ಎಲ್ಲಿ ಶುರುವಾದರು ಎಂಬ ಗೆರೆ ಅಳಿಸಿಹೋಗುತ್ತದೆ. ಅವರ ಗದ್ಯದ ಸೊಗಸು ಇರುವುದೂ ಅಲ್ಲೇ, ಅಪಾಯ ಇರುವುದೂ ಅಲ್ಲೇ. ಉದ್ಧರಣ ಚಿಹ್ನೆಯೊಳಗಿನ ಮಾತನ್ನು ಮಾತ್ರ ಮೂಲದವರದೆಂದು ನಂಬಿ, ಮಿಕ್ಕಿದ್ದನ್ನು ವ್ಯಾಖ್ಯಾನವೆಂದು ಓದುವುದು ಕ್ಷೇಮ. ಇತರ ವಿದ್ವಾಂಸರೊಂದಿಗೆ ವಾದಕ್ಕಿಳಿಯುವುದು ಅವರ ರೀತಿಯಲ್ಲ. ಹಾಗಾಗಿ ಒಂದು ವಿಷಯದಲ್ಲಿ ಬೇರೆ ಅಭಿಪ್ರಾಯಗಳಿವೆಯೇ ಎಂಬುದು ಅವರ ಪುಟಗಳಿಂದಲೇ ಗೊತ್ತಾಗುವುದು ಕಡಿಮೆ.

ಇಂಗ್ಲಿಷ್‌ನಲ್ಲಿ ಓದುವವರಿಗೆ ಶೋಪೆನ್‌ಹೌರ್ ಮತ್ತು ಹೈಡೆಗರ್ ಪುಸ್ತಕಗಳು ಎವಾಲ್ಡ್ ಓಸರ್ಸ್ ಅನುವಾದದಲ್ಲಿ, ನೀಷೆ ಶೆಲಿ ಫ್ರಿಷ್ ಅನುವಾದದಲ್ಲಿ, ಗಯಟೆ ಡೇವಿಡ್ ಡಾಲೆನ್‌ಮೇಯರ್ ಅನುವಾದದಲ್ಲಿ ಸಿಗುತ್ತವೆ. ಶೋಪೆನ್‌ಹೌರ್‌ನಿಂದ ಶುರುಮಾಡುವುದು ಒಳ್ಳೆಯದು, ಕಾಂಟ್‌ನಿಂದ ಹೆಗೆಲ್‌ವರೆಗಿನ ದಾರಿ ಅಲ್ಲೇ ಸಿಗುವುದರಿಂದ ಉಳಿದವು ಹಗುರಾಗುತ್ತವೆ. ಹೈಡೆಗರ್ ಪುಸ್ತಕವನ್ನು ಮಾತ್ರ ಒಂಟಿಯಾಗಿ ಓದಬಾರದು. ಅದು ಬಂದ ಮೇಲೆ ಆಕರಗಳು ಅಲೆಅಲೆಯಾಗಿ ಬಂದವು: 1998ರಲ್ಲಿ ಚಿಂತಕಿ ಹಾನಾ ಆರೆಂಟ್ ಜೊತೆಗಿನ ಪತ್ರಗಳು, 2005ರಲ್ಲಿ ಹೆಂಡತಿ ಎಲ್ಫ್ರಿಡೆಗೆ ಬರೆದ ಪತ್ರಗಳು, 2014ರಿಂದ 'ಕಪ್ಪು ಟಿಪ್ಪಣಿ ಪುಸ್ತಕಗಳು', 2016ರಲ್ಲಿ ತಮ್ಮ ಫ್ರಿಟ್ಸ್‌ಗೆ ಬರೆದ ಪತ್ರಗಳು. ಕಪ್ಪು ಟಿಪ್ಪಣಿಗಳಲ್ಲಿ ಯೆಹೂದ್ಯರ ಬಗೆಗಿನ ದ್ವೇಷದ ಮಾತುಗಳು ತತ್ತ್ವದ ಭಾಷೆಯಲ್ಲೇ ಇವೆ. ತಮ್ಮನಿಗೆ ಬರೆದ ಪತ್ರಗಳಲ್ಲಿ 1931ರ ಕೊನೆಗೇ ಹಿಟ್ಲರ್ ಮೇಲಿನ ಒಲವು ಕಾಣುತ್ತದೆ. ಇವು ಯಾವುವೂ 1994ರಲ್ಲಿ ಸಫ್ರಾನ್‌ಸ್ಕಿ ಮೇಜಿನ ಮೇಲೆ ಇರಲಿಲ್ಲ. ಆದ್ದರಿಂದ 1927ರವರೆಗಿನ ಅಧ್ಯಾಯಗಳನ್ನು ನೆಚ್ಚಿ ಓದಬಹುದು. 1930ರಿಂದ 1945ರವರೆಗಿನ ಅಧ್ಯಾಯಗಳನ್ನು ಓದುವಾಗ ಈ ಹೊಸ ಸಂಪುಟಗಳು ಪಕ್ಕದಲ್ಲಿರಬೇಕು.